ಮೇಲಿನ ಕೀಲಿನ ಎರಡು ಸ್ಕ್ರೂ

ಎಲ್ಲ ಮುಗಿದು ಫಲಿತಾಂಶವೂ ಬಂದಾಯಿತು, ಹಾಗಾಗಿ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ತಪ್ಪು ಅನ್ನುವವರು ಅನ್ನಲಿ. ಮೂರು ವರ್ಷ ನಾನು ಪಟ್ಟ ಪಾಡನ್ನು ಅವರು ಪಟ್ಟಿಲ್ಲ.

ನಮ್ಮನೆಯವರು ಬಡಗಿ. ಅದರಲ್ಲೂ ಬಾಗಿಲು ಕೂರಿಸುವವರು. ಮೇಜು, ಕುರ್ಚಿ, ಮಂಚ ಯಾರು ಬೇಕಾದರೂ ಮಾಡುತ್ತಾರೆ, ಬಾಗಿಲಿಗೆ ಮಾತ್ರ ತಾಳ್ಮೆ ಬೇಕು ಅನ್ನುವುದು ಅವರ ವಾದ. ಅವರು ಕೂರಿಸಿದ ಬಾಗಿಲು ಒಂದು ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ, ಎಂದಿಗೂ ನೆಲಕ್ಕೆ ಉಜ್ಜುವುದಿಲ್ಲ. ನೆಂಟರ ಮನೆಗೆ ಹೋದರೆ ಮೊದಲು ಬಾಗಿಲನ್ನು ಮಾತಾಡಿಸಿ, ಆಮೇಲೆ ಮನೆಯವರನ್ನು ಮಾತಾಡಿಸುವ ಮನುಷ್ಯ. ಇಂಥವರಿಗೆ ವಿಶ್ವವಿದ್ಯಾಲಯದ ನಾಟಕ ವಿಭಾಗದವರು ಹೊಸದಾಗಿ ಕಟ್ಟಿದ ರಂಗಮಂದಿರಕ್ಕೆ ಹದಿನಾಲ್ಕು ಬಾಗಿಲು ಕೂರಿಸುವ ಕೆಲಸ ಕೊಟ್ಟರು. ನನ್ನ ಸಂಸಾರದ ನೆಮ್ಮದಿ ಅಲ್ಲಿಂದ ಕೆಟ್ಟಿತು.

ಒಳಗೆ ಹುಡುಗರು ನಾಟಕದ ತಾಲೀಮು ಮಾಡುತ್ತಿದ್ದರಂತೆ. ಇವರು ಹೊರಗೆ ಚೌಕಟ್ಟಿಗೆ ಉಳಿ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದರಂತೆ. ಇಪ್ಪತ್ತು ದಿನದ ಕೆಲಸ. ಹತ್ತನೇ ದಿನಕ್ಕೆ ಮನೆಗೆ ಬಂದು ಕೈಕಾಲು ತೊಳೆಯುತ್ತಾ ಯಾವುದೋ ರಾಜನ ಮಾತು ಹೇಳತೊಡಗಿದರು. ಇಪ್ಪತ್ತನೇ ದಿನ ಬಾಗಿಲು ಮುಗಿದವು. ಇಪ್ಪತ್ತೊಂದನೇ ದಿನವೂ ಹೊರಟರು.

"ಮತ್ತೆಲ್ಲಿಗೆ?" ಅಂದೆ.

"ಒಂದು ಬಾಗಿಲು ಸ್ವಲ್ಪ ಉಜ್ಜುತ್ತೆ, ನೋಡ್ಕೊಂಡು ಬರ್ತೀನಿ."

ಇವರು ಕೂರಿಸಿದ ಬಾಗಿಲು ಉಜ್ಜುವುದೆಂದರೇನು? ನನಗೆ ಅವತ್ತೇ ಅನುಮಾನ ಬಂತು. ಇನ್ನೂ ನಾಲ್ಕು ದಿನ ಆ ಉಜ್ಜದ ಬಾಗಿಲನ್ನು ನೋಡಿಕೊಂಡು ಬಂದರು. ಐದನೇ ದಿನ ಒಂದು ಅರ್ಜಿ ತಂದು ಮೇಜಿನ ಮೇಲಿಟ್ಟು, ಅದರ ಮೇಲೆ ನೀರಿನ ಲೋಟ ಇಟ್ಟು, ಏನೂ ಆಗದವರ ಹಾಗೆ ಕೂತರು. ನಾಟಕದ ಪದವಿಗೆ ಸೇರುವ ಅರ್ಜಿ.

ಆಗ ಅವರಿಗೆ ನಲವತ್ತನಾಲ್ಕು. ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಆಗಲೇ ಎರಡನೇ ವರ್ಷದ ಸಂಖ್ಯಾಶಾಸ್ತ್ರ ಓದುತ್ತಿದ್ದಳು. "ಅಪ್ಪ, ನೀನೀಗ ನನಗೆ ಜೂನಿಯರ್. ಎದುರಿಗೆ ಸಿಕ್ಕಿದ್ರೆ ನಮಸ್ಕಾರ ಹೊಡೀಬೇಕು ನೋಡು" ಅಂತ ತಮಾಷೆ ಮಾಡಿದಳು. ಈ ಮಹಾನುಭಾವರು ಮೊದಲ ದಿನವೇ ಬಸ್ ನಿಲ್ದಾಣದಲ್ಲಿ, ಅವಳ ಗೆಳತಿಯರ ಎದುರಿಗೇ, ಎರಡೂ ಕೈ ಜೋಡಿಸಿ "ನಮಸ್ಕಾರ ಸೀನಿಯರ್" ಅಂದರಂತೆ. ಅವಳು ಒಂದು ವಾರ ಬೇರೆ ಬಸ್ಸಿಗೆ ಹೋದಳು.

ನಾನು ಬೇಡ ಅನ್ನಲಿಲ್ಲ. ಅನ್ನಬೇಕೆಂದು ಬಾಯಿ ತೆರೆದಿದ್ದೆ. ಆಗ ಅವರು, "ಹತ್ತೊಂಬತ್ತಕ್ಕೆ ಕಾಲೇಜು ಅರ್ಧಕ್ಕೆ ಬಿಟ್ಟೆ. ಅಪ್ಪ ಏಣಿಯಿಂದ ಬಿದ್ರು, ಬಿಡ್ಲೇಬೇಕಿತ್ತು, ಬಿಟ್ಟೆ. ಈಗ ಯಾರೂ ಬಿದ್ದಿಲ್ವಲ್ಲ ಕಣೇ" ಅಂದರು. ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಬಾಗಿಲು ಅಂತ ಶುರುವಾಯಿತು. ಮೊದಲ ವರ್ಷ ಅವರಿಗೆ ಪ್ರಾಣಿಗಳಾಗುವುದನ್ನು ಹೇಳಿಕೊಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪ್ರಾಣಿಯನ್ನು ನೋಡಿ ಕಲಿತು ಅದರಂತೆ ನಡೆಯಬೇಕು. ಇವರು ಹಲ್ಲಿಯನ್ನು ಆರಿಸಿಕೊಂಡರು. ಎರಡು ವಾರ ನಮ್ಮ ಗೋಡೆಯ ಹಲ್ಲಿಯ ಎದುರು ಕತ್ತು ಓರೆ ಮಾಡಿ ನಿಂತರು. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ, "ನಿಮ್ಮವರಿಗೆ ಕುತ್ತಿಗೆ ಹಿಡ್ಕೊಂಡಿದೆಯಾ?" ಅಂತ ಕೇಳಿದಳು. ಹೌದು ಅಂದೆ. ಎಣ್ಣೆ ಕೊಟ್ಟು ಕಳಿಸಿದಳು, ಪಾಪ.

ತರಗತಿಯ ಹುಡುಗರು ಇವರಿಗೆ 'ಬಾಗಿಲು ಅಂಕಲ್' ಎಂದು ಹೆಸರಿಟ್ಟರು. ಮೇಷ್ಟ್ರು ಇವರಿಗಿಂತ ಏಳು ವರ್ಷ ಚಿಕ್ಕವರು. ಇವರು ಅವರನ್ನು ಸರ್ ಅನ್ನುತ್ತಿದ್ದರು, ಅವರೂ ಇವರನ್ನು ಸರ್ ಅನ್ನುತ್ತಿದ್ದರು, ಹೀಗೆ ಇಬ್ಬರು ಸರ್‌ಗಳು ಸೇರಿ ಮೊದಲ ನಾಟಕಕ್ಕೆ ರಂಗಸಜ್ಜಿಕೆ ಮಾಡಿದರು. ಒಂದು ಬಾಗಿಲು ಬೇಕಿತ್ತು. ನಮ್ಮನೆಯವರು ಗಟ್ಟಿ ಮರದಲ್ಲಿ, ಹೊಸ್ತಿಲ ಸಮೇತ, ಒಳಗಿನಿಂದ ಬೀಗ ಬೀಳುವಂಥ ಅಸಲಿ ಬಾಗಿಲು ಮಾಡಿಕೊಟ್ಟರು. ದೃಶ್ಯ ಬದಲಾಗುವಾಗ ಅದನ್ನು ಸರಿಸಲು ಆರು ಜನ ಬೇಕಾದರು. ಕತ್ತಲೆಯಲ್ಲಿ ಉಸ್ಸು ಬುಸ್ಸು ಎನ್ನುವ ಸದ್ದು ಕೇಳಿ ಪ್ರೇಕ್ಷಕರು ಕೆಮ್ಮಿದರು, ಆಮೇಲೆ ಊರ ಸಮಾಚಾರ ಮಾತಾಡತೊಡಗಿದರು. ರಂಗದ ಮೇಲಿನ ಬಾಗಿಲು ಹಗುರವಾದ ಪ್ಲೈವುಡ್ಡಿನದು, ಒಳಗೆ ಟೊಳ್ಳಾಗಿರಬೇಕು ಎಂದು ಮೇಷ್ಟ್ರು ತಿಳಿಸಿ ಹೇಳಿದರು. ಟೊಳ್ಳಿಗೆ ಇವರು ಒಪ್ಪಿದರು. ಕೀಲು ಮಾತ್ರ ಹಿತ್ತಾಳೆಯದೇ ಆಗಬೇಕು, ಸ್ಕ್ರೂ ಮಾತ್ರ ಸರಿಯಾದ್ದೇ ಇರಬೇಕು ಎಂದು ಹಟ ಹಿಡಿದರು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ನಟನೆಯ ಪರೀಕ್ಷೆ ಎಂಬುದೊಂದಿದೆ. ಖಾಲಿ ರಂಗದ ಮೇಲೆ ಒಬ್ಬರೇ ನಿಂತು ಹತ್ತು ನಿಮಿಷ ಮಾತಾಡಬೇಕು. ಕೈಯಲ್ಲಿ ಏನೂ ತರುವಂತಿಲ್ಲ. ಅದರಲ್ಲಿ ಪಾಸಾಗದೆ ಪದವಿ ಇಲ್ಲ. ಮೂರು ಅವಕಾಶ, ವರ್ಷಕ್ಕೊಂದು.

ಮೊದಲ ವರ್ಷ ನಾನು ರಜೆ ಹಾಕಿ ಹೋಗಿದ್ದೆ. ಇವರು ಬಂದು ಬೆಳಕಿನಲ್ಲಿ ನಿಂತರು. ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಹಲಗೆಯ ಅಂಚು ನಯವಾಗಿದೆಯೇ ಎಂದು ನೋಡುತ್ತಾರಲ್ಲ, ಹಾಗೆ. ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ಆಯಿತು. "ಕ್ಷಮಿಸಿ" ಎಂದು ಇಳಿದುಬಿಟ್ಟರು. ಎರಡನೇ ವರ್ಷ ಎರಡು ಸಾಲು ಹೇಳಿದರು, ಮೂರನೆಯದಕ್ಕೆ ಮತ್ತೆ ಕೈ ನೋಡಿಕೊಂಡರು. ಅಲ್ಲಿಗೆ ಮುಗಿಯಿತು.

ಹಾಗಂತ ಮಾತು ಬರುವುದಿಲ್ಲವೆಂದಲ್ಲ. ಮೂರನೇ ವರ್ಷ ಅವರದೇ ತರಗತಿಯ ಹುಡುಗಿಯೊಬ್ಬಳು ಬರೆದುಕೊಟ್ಟ ಭಾಗವನ್ನು ಆರಿಸಿಕೊಂಡಿದ್ದರು. ಜಗಳವಾಡಿ ಕೋಣೆಯ ಬಾಗಿಲು ಹಾಕಿಕೊಂಡ ಮಗಳಿಗೆ ಅಪ್ಪ ಹೊರಗಿನಿಂದ ಹೇಳುವ ಮಾತು. ಎರಡು ತಿಂಗಳು ಅಡುಗೆಮನೆಯಲ್ಲಿ ನಾನೇ ಪುಸ್ತಕ ಹಿಡಿದು ಕೂತು ಹೇಳಿಸಿದ್ದೇನೆ. ಮರಕ್ಕೆ ಉಪ್ಪುಕಾಗದ ಉಜ್ಜುತ್ತಾ ಹೇಳಿದರೆ ಒಂದಕ್ಷರ ತಪ್ಪುತ್ತಿರಲಿಲ್ಲ, ಒಗ್ಗರಣೆ ಸೀದುಹೋಗುವಷ್ಟು ಚೆನ್ನಾಗಿ ಹೇಳುತ್ತಿದ್ದರು. ಉಜ್ಜುವ ಕಾಗದ ಕಿತ್ತುಕೊಂಡೆನೋ, ಬಾಯಿ ಬಂದ್.

"ಈ ಸಲವೂ ಆಗ್ಲಿಲ್ಲ ಅಂದ್ರೆ?" ಅಂತ ಒಂದು ದಿನ ಅವರೇ ಕೇಳಿದರು.

"ಆಗ್ಲಿಲ್ಲ ಅಂದ್ರೆ ಬಾಗಿಲು ಇದ್ದೇ ಇದೆಯಲ್ರೀ."

"ಅದಿದೆ. ಆದ್ರೆ ಒಂದ್ಸಲ ಅರ್ಧಕ್ಕೆ ಬಿಟ್ಟೋನು ಎರಡನೇ ಸಲವೂ ಬಿಟ್ರೆ, ಆಮೇಲೆ ನಾನು ಅರ್ಧಕ್ಕೆ ಬಿಡೋನೇ ಅಂತ ಆಗತ್ತೆ."

ನನಗೆ ಅಳು ಬಂತು. ಅವರ ಮುಂದೆ ಅಳಲಿಲ್ಲ. ಪಾತ್ರೆ ಎತ್ತಿಟ್ಟೆ.

ಪರೀಕ್ಷೆಯ ದಿನ ನಾನೂ ಮಗಳೂ ಬೆಳಿಗ್ಗೆಯೇ ಹೋಗಿ ಮೂರನೇ ಸಾಲಿನಲ್ಲಿ ಕೂತೆವು. ರಂಗದ ಹಿಂಭಾಗದಲ್ಲಿ ಸಂಜೆಯ ನಾಟಕಕ್ಕಾಗಿ ಒಂದು ಗೋಡೆ, ಅದರಲ್ಲೊಂದು ಬಾಗಿಲು ನಿಲ್ಲಿಸಿದ್ದರು. ನಮ್ಮನೆಯವರೇ ಮಾಡಿದ್ದು. "ಅದು ಅಲ್ಲಿಲ್ಲ ಅಂದ್ಕೊಳ್ಳಿ, ಮುಂದೆ ನಿಂತು ಮಾಡಿ" ಎಂದು ಮೇಷ್ಟ್ರು ಎಲ್ಲರಿಗೂ ಹೇಳಿದರು. ಹೊರಗಿನಿಂದ ಬಂದ ಪರೀಕ್ಷಕಿ ಮುಂದಿನ ಸಾಲಿನ ತುದಿಯಲ್ಲಿ, ನನಗೆ ಪಕ್ಕದಿಂದ ಮುಖ ಕಾಣುವಂತೆ ಕೂತಿದ್ದರು. ಬೆಳಗಿನ ಸರದಿಯಲ್ಲಿ ಆರು ಜನ. ನಮ್ಮನೆಯವರದು ಊಟದ ಬಿಡುವಿನ ನಂತರ ಮೊದಲನೆಯದು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುವವಳು. ಗಾಜು ಕೂರಿಸುವುದು, ಕಿವಿಗೆ ಸಿಗಿಸುವ ಕಡ್ಡಿಯ ಸ್ಕ್ರೂ ಬಿಗಿ ಮಾಡುವುದು ನನ್ನ ಕೆಲಸ. ಆ ಪರೀಕ್ಷಕಿಯ ಕನ್ನಡಕದ ಬಲಗಡೆಯ ಕಡ್ಡಿ ಸಡಿಲವಾಗಿತ್ತು. ಆಕೆ ಬರೆಯಲು ತಲೆ ತಗ್ಗಿಸಿದಾಗಲೆಲ್ಲ ಅದು ಜಾರುತ್ತಿತ್ತು, ಆಕೆ ಬೆರಳಿನಿಂದ ಮೇಲೆ ತಳ್ಳುತ್ತಿದ್ದರು, ಮತ್ತೆ ಜಾರುತ್ತಿತ್ತು. ಅಬ್ಬಾ, ನೋಡಿ ನೋಡಿ ನನ್ನ ಕೈ ತುರಿಸತೊಡಗಿತು. ಎದ್ದು ಹೋಗಿ, ಕೊಡಿ ಇಲ್ಲಿ ಅಂತ ಕಿತ್ತುಕೊಂಡು ಎರಡು ಸುತ್ತು ತಿರುಗಿಸಿ ಕೊಡಬೇಕು ಎನ್ನಿಸುತ್ತಿತ್ತು. ಮೂರನೆಯ ಹುಡುಗ ಮುಗಿಸುವ ಹೊತ್ತಿಗೆ ನನಗೆ ಒಂದು ಸಂಗತಿ ಹೊಳೆಯಿತು. ಬೆಳಿಗ್ಗೆಯಿಂದ ನನಗಿದ್ದ ಭಯ ಅಷ್ಟು ಹೊತ್ತು ಎಲ್ಲೋ ಹೋಗಿತ್ತು. ಆ ಕಡ್ಡಿಯೊಂದನ್ನು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ.

ತಲೆ ಎತ್ತಿ ರಂಗದ ಮೇಲಿನ ಬಾಗಿಲನ್ನು ನೋಡಿದೆ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದರು. ನಮ್ಮನೆಯವರು ಊಟ ಬೇಡವೆಂದು ಓಣಿಯಲ್ಲಿ ತಮ್ಮ ಹದಿನಾಲ್ಕು ಬಾಗಿಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಓಡಾಡುತ್ತಿದ್ದರು. ಮಗಳನ್ನು ನೀರು ತರಲು ಕಳಿಸಿದೆ. ಪಕ್ಕದ ಮೆಟ್ಟಿಲು ಹತ್ತಿ ರಂಗಕ್ಕೆ ಹೋದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್ ಇರುತ್ತದೆ, ಆದರೆ ಅದು ಸಾಸಿವೆ ಗಾತ್ರದ ಸ್ಕ್ರೂಗಳದ್ದು. ಮೇಲಿನ ಕೀಲನ್ನು ನೋಡಿದೆ. ಮೂರು ಸ್ಕ್ರೂ. ಮೂರರ ತಲೆಯ ಸೀಳೂ ಒಂದೇ ದಿಕ್ಕಿಗೆ, ನೆಟ್ಟಗೆ ನಿಲ್ಲಿಸಿದ್ದರು. ಆದರೂ ಊಟದ ಡಬ್ಬಿಯಿಂದ ಚಮಚ ತೆಗೆದು, ಅದರ ಹಿಡಿಯನ್ನು ಸೀಳಿಗೆ ಇಟ್ಟು ತಿರುಗಿಸಿದೆ. ಚಮಚ ಬಾಗಿತು, ಸ್ಕ್ರೂ ಅಲುಗಲಿಲ್ಲ. ಹಲ್ಲು ಕಚ್ಚಿ ಮತ್ತೆ ತಿರುಗಿಸಿದೆ. ಹಾಳಾದವರು ಎಷ್ಟು ಬಿಗಿ ಮಾಡಿದ್ದರೋ! ಅಂತೂ ಎರಡು ಸ್ಕ್ರೂ ಬಿಚ್ಚಿ, ಮೂರನೆಯದನ್ನು ಅರ್ಧ ಸಡಿಲ ಮಾಡಿದೆ. ಬಾಗಿಲು ಓರೆಯಾಗಿ ಅದರ ಮೂಲೆ ನೆಲಕ್ಕೆ ತಾಗಿತು. ಬಿಚ್ಚಿದ ಎರಡನ್ನೂ ಚೌಕಟ್ಟಿನ ಪಕ್ಕ ನೆಲದ ಮೇಲಿಟ್ಟೆ.

"ಏನು ನೋಡ್ತಿದೀರಮ್ಮ?"

ಬೆಚ್ಚಿ ತಿರುಗಿದೆ. ಮೇಷ್ಟ್ರು, ಕೈಯಲ್ಲಿ ಟೀ ಲೋಟ.

"ಏನಿಲ್ಲ ಸರ್, ನಮ್ಮನೆಯವರ ಕೆಲಸ ನೋಡ್ತಿದ್ದೆ" ಎಂದು ಚಮಚವನ್ನು ಸೆರಗಿನಲ್ಲಿ ಅಡಗಿಸಿದೆ.

"ಅಚ್ಚುಕಟ್ಟು ಅಂದ್ರೆ ಅವರದು" ಎಂದು ಅವರು ಜೋತುಬಿದ್ದ ಬಾಗಿಲನ್ನು ಮೆಚ್ಚಿಕೊಂಡು ನೋಡಿ, ಟೀ ಗುಟುಕರಿಸಿ ಹೋದರು. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಅನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು.

ಬಿಡುವು ಮುಗಿದು ದೀಪ ಹತ್ತಿದಾಗ ನನ್ನ ಪೆದ್ದುತನ ನನಗೇ ಅರ್ಥವಾಯಿತು. ನಮ್ಮನೆಯವರು ಪಕ್ಕದಿಂದ ಬಂದು, ನೆಲ ನೋಡುತ್ತಲೇ ನಡೆದು, ಮುಂದೆ ನಮ್ಮ ಕಡೆ ಮುಖ ಮಾಡಿ ನಿಂತರು. ಬಾಗಿಲು ಅವರ ಬೆನ್ನ ಹಿಂದೆ! ಅಂಗಡಿಯಲ್ಲಿ ಎಲ್ಲವನ್ನೂ ಎದುರಿಗಿಟ್ಟುಕೊಂಡು ಕೆಲಸ ಮಾಡುವ ನನಗೆ, ನಟನಾದವನು ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ ಎಂಬುದೇ ಹೊಳೆದಿರಲಿಲ್ಲ. ಅವರು ಕೈ ನೋಡಿಕೊಂಡರು. ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು. ಅರ್ಧ ನಿಮಿಷ ಕಳೆಯಿತು. ಮಗಳು ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದಳು. ಒಂದು ನಿಮಿಷವಾಯಿತು. ಪರೀಕ್ಷಕಿ ಕನ್ನಡಕ ಮೇಲೆ ತಳ್ಳಿ ಪೆನ್ನು ತೆಗೆದುಕೊಂಡರು.

ಆಗ ಊಟ ಮುಗಿಸಿ ತಡವಾಗಿ ಬಂದ ಯಾರೋ ಸಭಾಂಗಣದ ಹಿಂದಿನ ಬಾಗಿಲು ತೆರೆದರು. ಗಾಳಿ ನುಗ್ಗಿತು. ರಂಗದ ಮೇಲಿನ ಬಾಗಿಲು ಸ್ವಲ್ಪ ಸರಿದು, ಮೂಲೆ ನೆಲಕ್ಕೆ ಉಜ್ಜಿ ಕರ್‌ರ್ ಎಂದಿತು.

ನಮ್ಮನೆಯವರ ತಲೆ ಎದ್ದಿತು. ಕತ್ತು ತಿರುಗಿತು. ಆ ಮುಖ ನನಗೆ ಗೊತ್ತು, ಇಪ್ಪತ್ತನಾಲ್ಕು ವರ್ಷದಿಂದ ನೋಡಿದ್ದೇನೆ. ಅದು ಹೆದರಿದವರ ಮುಖವಲ್ಲ, ಸಿಟ್ಟಿಗೆದ್ದ ಬಡಗಿಯ ಮುಖ. ಪರೀಕ್ಷೆ, ಪರೀಕ್ಷಕಿ, ನಾವು, ಯಾರೂ ಅವರ ಲೆಕ್ಕಕ್ಕಿರಲಿಲ್ಲ. ನೇರ ಬಾಗಿಲ ಹತ್ತಿರ ಹೋದರು. ಪ್ರೇಕ್ಷಕರಿಗೆ ಬೆನ್ನು ಹಾಕಬಾರದು ಎಂದು ಮೊದಲ ವರ್ಷದಿಂದ ಹೇಳಿಕೊಟ್ಟ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತುಕೊಂಡರು. ಇವರು ಕುಕ್ಕುರುಗಾಲಿನಲ್ಲಿ ಕೂತು ನೆಲದ ಮೇಲಿನ ಎರಡು ಸ್ಕ್ರೂಗಳನ್ನು ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡಿದರು. ಒಂದು ಕ್ಷಣ ಹಾಗೇ ಇದ್ದರು. ಆಮೇಲೆ ಎದ್ದು, ಕಾಲಿನ ಬೆರಳನ್ನು ಬಾಗಿಲ ಕೆಳಗೆ ತೂರಿಸಿ ಮೇಲೆತ್ತಿ, ಕೀಲನ್ನು ಜಾಗಕ್ಕೆ ತಂದು, ಸ್ಕ್ರೂ ಇಟ್ಟು ಬೆರಳಿನಿಂದ ತಿರುಗಿಸುತ್ತಾ ಮಾತು ಶುರು ಮಾಡಿದರು.

"ಬಾಗಿಲು ತೆಗಿ ಅಂತ ಹೇಳೋಕೆ ಬಂದಿಲ್ಲಮ್ಮ. ತೆಗೀಬೇಡ. ನಿನಗೆ ಯಾವಾಗ ಬೇಕೋ ಆವಾಗ ತೆಗಿ. ನಾನು ಇಲ್ಲೇ ಕೂತಿರ್ತೀನಿ, ಅಷ್ಟು ಹೇಳೋಕೆ ಬಂದೆ."

ಗಟ್ಟಿಯಾಗಿ ಹೇಳಲಿಲ್ಲ. ಅಡುಗೆಮನೆಯಲ್ಲಿ ಹೇಳುತ್ತಿದ್ದ ಹಾಗೇ ಹೇಳಿದರು. ಬೆಳಿಗ್ಗೆಯಿಂದ ಆರು ಮಕ್ಕಳು ಕಿರುಚಿ ಅತ್ತು ಮಾಡಿದ್ದರು, ಆಗೆಲ್ಲ ಕುರ್ಚಿಗಳು ಕಿರುಗುಟ್ಟುತ್ತಿದ್ದವು. ಈಗ ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ಒಂದು ಸ್ಕ್ರೂ ಮುಗಿಸಿ ಇನ್ನೊಂದಕ್ಕೆ ಹೋದರು. "ನೀನು ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಬೆರಳು ತೂರಿಸಿ ಯಾರು ಹೇಳು ಅಂತಿದ್ದೆ. ನಾನು ಪ್ರತಿ ಸಲ ಬೇರೆ ಯಾರದೋ ಹೆಸರು ಹೇಳ್ತಿದ್ದೆ. ಈಗ ಒಂದ್ಸಲ ಕೇಳು. ಸರಿಯಾಗಿ ಹೇಳ್ತೀನಿ." ಮಗಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇನಿದೆ. ಕೊನೆಗೆ ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡಿದರು. ಸದ್ದಿಲ್ಲದೆ ಸರಿಯಿತು. ಮತ್ತೆ ಮುಚ್ಚಿ, ಅದಕ್ಕೆ ಬೆನ್ನು ಆನಿಸಿ ನೆಲದ ಮೇಲೆ ಕೂತು, ಮೊದಲ ಸಲ ನಮ್ಮ ಕಡೆ ನೋಡಿ ಕೊನೆಯ ಮಾತು ಹೇಳಿದರು. "ಅವಸರ ಇಲ್ಲ. ಕೂತಿದೀನಿ."

ಒಂಬತ್ತೂವರೆ ನಿಮಿಷ ಆಗಿತ್ತು.

ಪರೀಕ್ಷಕಿ ಕೇಳಿದರು, "ಅಷ್ಟು ಹೊತ್ತು ನಮಗೆ ಬೆನ್ನು ಹಾಕಿದ್ದು ಯಾಕೆ? ಮೊದಲೇ ಯೋಚನೆ ಮಾಡಿದ್ದಾ?"

"ಇಲ್ಲ ಮೇಡಂ. ಬಾಗಿಲು ಉಜ್ತಾ ಇತ್ತು."

"ಅಂದ್ರೆ?"

"ನಾನು ಕೂರಿಸಿದ ಬಾಗಿಲು ಉಜ್ಜಲ್ಲ ಮೇಡಂ."

ಸಭಾಂಗಣ ಗೊಳ್ಳೆಂದಿತು. ಪರೀಕ್ಷಕಿಯೂ ನಕ್ಕರು, ನಗುವಾಗ ಕನ್ನಡಕ ಮೂಗಿನ ತುದಿಗೆ ಬಂತು. ಸಂಜೆ ಐದಕ್ಕೆ ಮೇಷ್ಟ್ರು ಪಟ್ಟಿ ಅಂಟಿಸಿದರು. ನೂರಕ್ಕೆ ಐವತ್ತೆಂಟು, ಪಾಸು. ನಮ್ಮನೆಯವರು ಪಟ್ಟಿಯನ್ನು ಮೂರು ಸಲ ಓದಿ, ಹತ್ತಿರದ ಕಟ್ಟೆಯ ಮೇಲೆ ಕೂತು, ದೊಡ್ಡ ಉಸಿರು ಬಿಟ್ಟು, "ಹಸಿವಾಗ್ತಿದೆ ಕಣೇ" ಅಂದರು. ಮೂರು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಎಂದೂ ನಿಂತಿರಲಿಲ್ಲ. ಸೀದಾ ಪರೀಕ್ಷಕಿಯ ಹತ್ತಿರ ಹೋಗಿ, "ಕನ್ನಡಕ ಕೊಡಿ ಮೇಡಂ" ಎಂದು ಇಸಿದುಕೊಂಡು, ಕಡ್ಡಿ ಬಿಗಿ ಮಾಡಿ ಕೊಟ್ಟೆ. ಮೊದಲೇ ಮಾಡಿಕೊಟ್ಟಿದ್ದರೆ ಲಂಚ ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಊಟದ ಡಬ್ಬಿ ತೊಳೆಯುವುದು ಅವರ ಪಾಲಿನ ಕೆಲಸ. ಮನೆಗೆ ಬಂದ ಮೇಲೆ ತೊಳೆಯುತ್ತಾ ನನ್ನ ಚಮಚವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹಲಗೆ ಸೊಟ್ಟಗಿದೆಯೇ ಎಂದು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. ಅದನ್ನು ಬೇರೆಯಾಗಿ ಎತ್ತಿಟ್ಟರು. ನಾನು ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತಾ ಕೂತೆ.

ಮರುದಿನ ಅಂಗಡಿಯಲ್ಲಿ ಮಧ್ಯಾಹ್ನ ಡಬ್ಬಿಯ ಚೀಲ ಬಿಚ್ಚಿದೆ. ಚಮಚ ಇರಲಿಲ್ಲ. ಅದರ ಜಾಗದಲ್ಲಿ ಕೆಂಪು ಹಿಡಿಯ ಒಂದು ದೊಡ್ಡ ಸ್ಕ್ರೂಡ್ರೈವರ್, ತೊಳೆದು ಒರೆಸಿ ಇಟ್ಟಿದ್ದು. ಜೊತೆಗೆ ಕಾಗದದಲ್ಲಿ ಸುತ್ತಿದ, ತಲೆಗೆ ಗೀರು ಬಿದ್ದ ಎರಡು ಸ್ಕ್ರೂ. ಸಂಜೆಯ ನಾಟಕಕ್ಕೆ ಮುಂಚೆ ಹೊಸವನ್ನು ಹಾಕಿ, ಹಳೆಯವನ್ನು ಜೇಬಿಗಿಳಿಸಿಕೊಂಡು ಬಂದಿದ್ದರು. ತಕ್ಷಣ ಫೋನ್ ಮಾಡಿದೆ.

"ರೀ, ನನ್ನ ಚಮಚ ಎಲ್ಲಿ?"

"ನೆಟ್ಟಗೆ ಮಾಡ್ತಾ ಇದೀನಿ."

"ಯಾವಾಗ ಗೊತ್ತಾಯ್ತು ನಿಮಗೆ? ಚಮಚ ನೋಡಿದಾಗ್ಲಾ?"

"ಸ್ಕ್ರೂ ಎತ್ತಿಕೊಂಡಾಗ್ಲೇ. ತಾವಾಗೇ ಬಿದ್ದ ಸ್ಕ್ರೂ ಹಾಗೆ ಪಕ್ಕಪಕ್ಕದಲ್ಲಿ ಸಾಲಾಗಿ ಮಲಗಲ್ಲ ಕಣೇ. ಹಾಗೆ ಜೋಡಿಸಿಡೋರು ನನಗೆ ಗೊತ್ತಿರೋದು ಒಬ್ಬರೇ."

ನಾಲಿಗೆ ಕಚ್ಚಿಕೊಂಡೆ. ಅಂಗಡಿಯಲ್ಲಿ ಬಿಚ್ಚಿದ ಸ್ಕ್ರೂ ಉರುಳಿಹೋಗದ ಹಾಗೆ ಬಟ್ಟೆಯ ಮೇಲೆ ಸಾಲಾಗಿ ಇಡುತ್ತೇವೆ. ಹದಿನೆಂಟು ವರ್ಷದ ರೂಢಿ. ಕಳ್ಳತನ ಮಾಡುವಾಗಲೂ ಕೈ ಬಿಟ್ಟಿರಲಿಲ್ಲ.

"ಮತ್ತೆ, ಗೊತ್ತಾದ ಮೇಲೂ ಮಾತು ಹೇಗೆ ಬಂತು?" ಎಂದು ಕೇಳಿದೆ.

ಆ ಕಡೆ ಉಜ್ಜುವ ಕಾಗದದ ಸದ್ದು ಕೇಳಿಸುತ್ತಿತ್ತು.

"ಗೊತ್ತಾಗಿದ್ದಕ್ಕೇ ಬಂತು" ಅಂದರು. "ನೀನು ಅಲ್ಲಿ ಕೂತಿದೀಯ ಅಂತ."

ಗಿರಾಕಿಯೊಬ್ಬರು ಮುರಿದ ಕನ್ನಡಕ ಹಿಡಿದು ಕಾಯುತ್ತಿದ್ದರು. ಕಣ್ಣೊರೆಸಿಕೊಂಡು, ಫೋನ್ ಇಟ್ಟು, ಅವರ ಕೈಯಿಂದ ಕನ್ನಡಕ ಇಸಿದುಕೊಂಡೆ.